ಒಂದೇ ಕ್ಯಾಮೆರಾ, ಎರಡು ಮಧ್ಯಾಹ್ನ

ಜೂನ್ 4, ಸಂಜೆ

ಮೇಲ್ದವಡೆಯ ಕಟ್ಟುಹಲ್ಲಿನ ಸೆಟ್ಟು ನಮ್ಮ ಡೆಂಟಲ್ ಲ್ಯಾಬಿಗೆ ಮತ್ತೆ ವಾಪಸ್. ಕಚ್ಚುವಾಗ ಒಂದು ಪಕ್ಕ ಎದ್ದು ಬರುತ್ತದಂತೆ. ಮೇಣ ಕರಗಿಸಿ ಹಲ್ಲುಗಳನ್ನೆಲ್ಲ ಮೊದಲಿಂದ ಕೂರಿಸಿದೆ. ಊಟಕ್ಕೂ ಏಳಲಿಲ್ಲ.

ಮನೆಗೆ ಬಂದು ಅಮ್ಮನ ಮೈ ಒರೆಸುವಾಗ ಕಂಡಿತು — ಎಡ ಮಣಿಕಟ್ಟಿನ ಮೇಲೆ ನೀಲಿ ಗುರುತು. ಬೆರಳುಗಳದ್ದು. ಯಾರೋ ಬಿಗಿಯಾಗಿ ಹಿಡಿದಿದ್ದಾರೆ. ಸ್ಟ್ರೋಕ್ ಆದಮೇಲೆ ಅಮ್ಮನಿಗೆ ಮಾತಿಲ್ಲ, ಎದ್ದು ಕೂರಲೂ ಆಗುವುದಿಲ್ಲ. ಹಗಲೆಲ್ಲ ಜೊತೆಗಿರುವವಳು ಆಯಾ ಒಬ್ಬಳೇ. ಕೇಳಿದೆ. "ನಂಗೆ ಗೊತ್ತಿಲ್ಲ ಅಕ್ಕಾ" ಅಂದಳು. ಕಣ್ಣು ತಪ್ಪಿಸಲಿಲ್ಲ. ಅದಕ್ಕೇ ಅನುಮಾನ ಇನ್ನೂ ಜಾಸ್ತಿಯಾಯಿತು.

ಜೂನ್ 6

ತಮ್ಮನ ಫೋನ್. "ಸುಮ್ನೆ ತಲೆ ಕೆಡಿಸ್ಕೋಬೇಡ ಅಕ್ಕ. ಅಮ್ಮನ ರೂಮಿಗೊಂದು ಕ್ಯಾಮೆರಾ ಹಾಕ್ಸು. ಬಣ್ಣ ಬಯಲಾಗುತ್ತೆ."

ಆಯಾಳಿಗೆ ಹೇಳಿಯೇ ಹಾಕಿಸುತ್ತೇನೆ. ಕದ್ದು ನೋಡುವುದು ಬೇಡ.

ಜೂನ್ 9, ಬೆಳಿಗ್ಗೆ

ಕ್ಯಾಮೆರಾದವರು ರೆಕಾರ್ಡಿಂಗ್ ಇಡುವ ಎರಡು ಪೆಟ್ಟಿಗೆ ತಂದಿದ್ದರು. ಎನ್‌ವಿಆರ್ ಒಂದು, ನಾಸ್ ಒಂದು. ಎರಡರಲ್ಲಿ ಒಂದನ್ನು ಆರಿಸಬೇಕಂತೆ.

"ಎನ್‌ವಿಆರ್ ಇದೆಯಲ್ಲ ಮೇಡಂ, ಅದು ಕ್ಯಾಮೆರಾಗೇ ಅಂತ ಹುಟ್ಟಿರೋದು. ರೆಕಾರ್ಡ್ ಮಾಡುತ್ತೆ. ಡಿಸ್ಕ್ ತುಂಬಿದ್ರೆ ಹಳೇದನ್ನ ಅಳಿಸ್ಕೊಂಡು ಹೋಗ್ತಾ ಇರುತ್ತೆ. ತಂಟೆ ತಕರಾರಿಲ್ಲ."

"ನಾಸ್?"

"ಅದು ಗೋಡೌನ್ ಇದ್ದಂಗೆ. ಫೋಟೋ, ಹಾಡು, ಕಾಗದಪತ್ರ, ಎಲ್ಲ ತುಂಬ್ಕೊಳ್ಳಿ. ಕ್ಯಾಮೆರಾನೂ ನೋಡ್ಕೊಳುತ್ತೆ. ಬೇಕಾದ್ದನ್ನ ಎಷ್ಟು ದಿನ ಬೇಕಾದ್ರೂ ಇಟ್ಕೋಬಹುದು."

ಫೋನಿನಲ್ಲಿ ತಮ್ಮ ಎನ್‌ವಿಆರ್ ಪಕ್ಷ. ನನಗೆ ನಾಸ್ ಮೇಲೆ ಆಸೆ — ಅಪ್ಪನ ಫೋಟೋಗಳೆಲ್ಲ ಹಳೇ ಕಂಪ್ಯೂಟರಿನಲ್ಲಿ ಸಾಯುತ್ತ ಬಿದ್ದಿವೆ. ಕೊನೆಗೆ ಕ್ಯಾಮೆರಾದವರೇ ದಾರಿ ಹೇಳಿದರು: ಎರಡೂ ಇರಲಿ, ಒಂದೇ ಕ್ಯಾಮೆರಾ ಎರಡಕ್ಕೂ ಜೋಡಿಸುತ್ತೇನೆ, ಯಾವುದು ಒಗ್ಗುತ್ತದೋ ಇಟ್ಟುಕೊಂಡು ಇನ್ನೊಂದು ವಾಪಸ್ ಕೊಡಿ.

ಜೂನ್ 10, ಸಂಜೆ

ಮೊದಲು ಎನ್‌ವಿಆರ್ ನೋಡಿದೆ. ಆಯಾ ಗಂಜಿ ಕುಡಿಸಿದಳು. ಬಾಯಿ ಒರೆಸಿದಳು, ಮೆತ್ತಗೆ. ಬಟ್ಟೆಯ ಬಕೆಟ್ ಹಿಡಿದು ಮಹಡಿಗೆ ಹೋದಳು. ಅಮ್ಮ ಒಬ್ಬಳೇ. ಮಲಗಿಯೇ ಇದ್ದಾಳೆ. ಏನೂ ಇಲ್ಲ.

ಚಿತ್ರ ಯಾವುದರಲ್ಲಿ ಚೆನ್ನಾಗಿ ಬಂದಿದೆ ನೋಡೋಣ ಅಂತ ನಾಸ್ ತೆಗೆದೆ. ಅದೇ ಹೊತ್ತು. ಗೋಡೆ ಗಡಿಯಾರದ ಮುಳ್ಳುಗಳೂ ಅದೇ ಜಾಗದಲ್ಲಿ.

ಅಮ್ಮ ಎದ್ದು ಕೂತಿದ್ದಾಳೆ. ದಿಂಬಿನ ಆಸರೆಯೂ ಇಲ್ಲ. ಮಾತಾಡುತ್ತಿದ್ದಾಳೆ... ನಗುತ್ತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಯಾರೋ ಹೆಂಗಸು. ಬೆನ್ನು ಮಾತ್ರ ಕಾಣುತ್ತದೆ.

ಕ್ಯಾಮೆರಾದವರಿಗೆ ಫೋನ್ ಮಾಡಿದೆ. "ಡೇಟ್ ಸೆಟ್ಟಿಂಗ್ ತಪ್ಪಿರುತ್ತೆ ಮೇಡಂ, ಹಳೇದೇನೋ ನೋಡ್ತಿದೀರ."

ಕ್ಯಾಮೆರಾ ಹಾಕಿಸಿದ್ದೇ ನಿನ್ನೆ. ಅಮ್ಮ ಎದ್ದು ಕೂತು ವರ್ಷವಾಯಿತು.

ಜೂನ್ 12, ಸಂಜೆ

ನಿನ್ನೆಯೂ ಹಾಗೇ. ಇವತ್ತೂ. ಆಯಾಳನ್ನು ಅಡುಗೆಮನೆಗೆ ಕರೆದು ಕೇಳಿದೆ, ಮಧ್ಯಾಹ್ನ ಮನೆಗೆ ಯಾರು ಬರುತ್ತಾರೆ ಅಂತ.

ನಕ್ಕಳು. "ಯಾರು ಬರ್ತಾರೆ? ನೀವೇ ಬರ್ತೀರಲ್ಲ ಅಕ್ಕಾ."

"ನಾನಾ?"

"ನಾನು ಕೂತಿರ್ತೀನಿ, ನೀನು ಬಟ್ಟೆ ಹರಡ್ಕೊಂಡು ಬಾ ಅಂತ ನೀವೇ ಮೇಲೆ ಕಳಿಸ್ತೀರ. ಕೆಳಗೆ ಬರೋಷ್ಟರಲ್ಲಿ ಹೊರಟೋಗಿರ್ತೀರ."

ಮೈಯೆಲ್ಲ ಉರಿಯಿತು. ಸುಳ್ಳಿ ಅಂದೆ. ಅಮ್ಮನ ಕೈ ಹಿಂಡಿದ್ದು ನೀನೇ ಅಂದೆ. ಅವಳ ಮುಖ ಕಪ್ಪಿಟ್ಟಿತು. "ಹೆತ್ತೋಳ ಥರ ನೋಡ್ಕೊಂಡೆ ಅಕ್ಕಾ. ಇಂಥ ಮಾತು ಅಂದ್ರಲ್ಲ" — ಅಷ್ಟೇ. ಚೀಲ ತಗೊಂಡು ಹೋದಳು.

ಆಮೇಲೆ ಇವತ್ತಿನ ನಾಸ್ ರೆಕಾರ್ಡಿಂಗ್ ಪೂರ್ತಿ ನೋಡಿದೆ. ಮೊದಲೇ ನೋಡಬೇಕಿತ್ತು. ಹೆಂಗಸು ಕುರ್ಚಿಯಿಂದ ಎದ್ದಳು. ಅಮ್ಮನ ಎಡ ಮಣಿಕಟ್ಟು ಬಿಗಿಯಾಗಿ ಹಿಡಿದು ನಿಲ್ಲಿಸಿದಳು. ಕಿಟಕಿಯವರೆಗೆ ನಡೆಸಿದಳು, ಪುಟ್ಟ ಪುಟ್ಟ ಹೆಜ್ಜೆ. ವಾಪಸ್ ಬರುವಾಗ ಮುಖ ಕ್ಯಾಮೆರಾ ಕಡೆ.

ನಾನು.

ಅಮ್ಮನ ಹತ್ತಿರ ಹೋಗಿ ಆ ಗುರುತಿನ ಮೇಲೆ ನನ್ನ ಬೆರಳಿಟ್ಟೆ. ಅಚ್ಚಿನಲ್ಲಿ ಹಲ್ಲು ಕೂತ ಹಾಗೆ ಕೂತವು. ಲ್ಯಾಬಿನ ಗೆಳತಿಗೆ ಫೋನ್ ಮಾಡಿ ಕೇಳಿದೆ, ಮಧ್ಯಾಹ್ನ ನಾನೆಲ್ಲಿದ್ದೆ ಅಂತ. "ಎಲ್ಲಿದ್ದೆ ಅಂದ್ರೆ? ನನ್ನ ಪಕ್ಕದಲ್ಲೇ ಇದ್ಯಲ್ಲೇ. ಹುಷಾರಾಗಿದ್ಯಾ?"

ಜೂನ್ 17

ತಮ್ಮ ಇಷ್ಟು ದಿನ ಬಂದು ಅಮ್ಮನ ಜೊತೆ ಇದ್ದ. ಎರಡೂ ಪೆಟ್ಟಿಗೆಯಲ್ಲೂ ಅವನೇ, ಮೊಬೈಲ್ ಉಜ್ಜುತ್ತ. ಅಮ್ಮ ಎರಡರಲ್ಲೂ ಮಲಗಿಯೇ ಇದ್ದಾಳೆ. ಹಳೆಯ ರೆಕಾರ್ಡಿಂಗ್ ತೋರಿಸಹೋದರೆ ನೋಡಲಿಲ್ಲ. "ನಿಂಗೆ ನಿದ್ದೆ ಬೇಕು ಅಕ್ಕ" ಅಂದ.

ಆಯಾಳ ಮನೆಗೆ ಹೋಗಿ, ಆ ಹೊತ್ತಿಗೆಲ್ಲ ನಾನು ಲ್ಯಾಬಿನಲ್ಲಿದ್ದೆ ಅಂತ ಹೇಳಿ ಕ್ಷಮೆ ಕೇಳಿದೆ. ಬಾಗಿಲಲ್ಲೇ ನಿಲ್ಲಿಸಿಕೊಂಡು ಮಾತಾಡಿದಳು. "ಬರ್ತೀನಿ ಅಕ್ಕಾ, ಅಜ್ಜಿ ಮುಖ ನೋಡ್ಕೊಂಡು ಬರ್ತೀನಿ. ಮೊದ್ಲು ಅಲ್ಲಿಗೆ ಬರೋರು ಯಾರು ಅಂತ ತಿಳ್ಕೊಳ್ಳಿ."

ಸಂಜೆ ಕ್ಯಾಮೆರಾದವರು ಬಂದರು. ಎರಡನ್ನೂ ಅಕ್ಕಪಕ್ಕ ಓಡಿಸಿ ತೋರಿಸಿದೆ. ವೈರು ಮುಟ್ಟಿ ನೋಡಿದರು. ಆಮೇಲೆ ದನಿ ತಗ್ಗಿಸಿ — "ಒಂದು ವಾಪಸ್ ಕೊಟ್ಬಿಡಿ ಮೇಡಂ. ಯಾವುದಾದ್ರೂ ಸರಿ. ಎರಡೂ ಒಟ್ಟಿಗೆ ಬೇಡ."

ಎನ್‌ವಿಆರ್ ಇಟ್ಟುಕೊಂಡರೆ ತಂಟೆಯಿಲ್ಲ. ಅದು ತೋರಿಸುವುದು ನನ್ನ ಕಣ್ಣೆದುರಿಗೆ ಮಲಗಿರುವ ಅಮ್ಮನನ್ನೇ. ಗೊತ್ತು. ಆದರೆ ಆ ಇನ್ನೊಂದನ್ನು ಕೊಟ್ಟರೆ, ನಗುವ ಅಮ್ಮನನ್ನು ಚೀಲಕ್ಕೆ ಹಾಕಿ ಕಳಿಸಿದ ಹಾಗೆ. ಆಗಲಿಲ್ಲ ನನ್ನ ಕೈಲಿ.

ನಾಸ್ ಉಳಿಯಿತು.

ಜೂನ್ 19, ಮಧ್ಯಾಹ್ನ

ರಜೆ ಹಾಕಿದ್ದೇನೆ. ಆಯಾ ನಾಳೆಯಿಂದ ಬರುತ್ತಾಳೆ. ತಮ್ಮ ಊರಿಗೆ ಹೊರಟ. ಮನೆಯಲ್ಲಿ ನಾನು, ಅಮ್ಮ. ಮುಂಬಾಗಿಲಿಗೆ ಒಳಗಿಂದ ಚಿಲಕ. ಆ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬರುವವಳು ಬರಲಿ. ಅಮ್ಮನನ್ನು ಹೇಗೆ ನಗಿಸಿದೆ ಅಂತ ಕೇಳಬೇಕು. ಅಷ್ಟೇ ಕೇಳಬೇಕು.

ಬಿಸಿಲು ಹಾಸಿಗೆಯ ಮೇಲೆ ಬಂತು. ಅಮ್ಮ ಸೂರು ನೋಡುತ್ತಿದ್ದಾಳೆ.

ಈಗ ಚಿಲಕ ಸರಿದ ಸದ್ದು. ನಿಧಾನವಾಗಿ, ಮನೆಯವರು ತೆಗೆದ ಹಾಗೆ. ಹಜಾರದಲ್ಲಿ ಚಪ್ಪಲಿ ಬಿಟ್ಟ ಸದ್ದು. ತಿರುಗಲು ಧೈರ್ಯ ಬರುತ್ತಿಲ್ಲ. ಪೆನ್ನು ಬಿಡಲೂ ಆಗುತ್ತಿಲ್ಲ.

ಅಮ್ಮ ಏಳುತ್ತಿದ್ದಾಳೆ. ತಾನಾಗಿಯೇ. ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಿದ್ದಾಳೆ. ಎಷ್ಟು ಸ್ಪಷ್ಟ ಮಾತು ದೇವರೇ —

"ಬಂದ್ಯಾ ಪುಟ್ಟೀ? ಬೇಗ ಬಾರೇ. ನಿನ್ನ ಕುರ್ಚೀಲಿ ಯಾರೋ ಕೂತ್ಕೊಂ