ನಾನು ಆಡದ ಎರಡು ಮಾತು

ಮನೆ, ಹಿಂದಿನ ಕೋಣೆ
ನವೆಂಬರ್ ಹದಿನೇಳು, ಮಧ್ಯಾಹ್ನ

ಪ್ರೀತಿಯ ಗುಂಡೂ,

ಹೇಗಿದ್ದೀಯೋ? ಹೊಟ್ಟೆ ತಹಬಂದಿಗೆ ಬಂತಾ? ಹಡಗಿಗೆ ಹೊಸ ಅಡುಗೆಯವನು ಬಂದಿದ್ದಾನೆ, ಕಂಡದ್ದಕ್ಕೆಲ್ಲ ಮೆಣಸು ಸುರಿಯುತ್ತಾನೆ ಎಂದು ತಿಳಿಸಿದ್ದೆಯಲ್ಲ, ಅವತ್ತಿನಿಂದ ನನಗೆ ಇಲ್ಲಿ ಕೂತಲ್ಲೇ ಹೊಟ್ಟೆ ಉರಿ. ಇಂಜಿನ್ ಕೋಣೆಯ ಸೆಕೆಯಲ್ಲಿ ಬೇಯುವವನಿಗೆ ಖಾರ ಬೇರೆ ಕೇಡು. ನೀರು ಚೆನ್ನಾಗಿ ಕುಡಿ. ನಲವತ್ತರ ಹೊಸ್ತಿಲಲ್ಲಿರುವ ಗಡ್ಡದ ಇಂಜಿನಿಯರನ್ನು ಗುಂಡು ಎಂದು ಕರೆಯಬೇಡ, ಬಂದರಿನಲ್ಲಿ ಟಪಾಲು ಕೊಡುವವನು ನಗುತ್ತಾನೆ ಎಂದಿದ್ದೀಯ. ಲಕೋಟೆಯ ಮೇಲೆ ನಿನ್ನ ದೊಡ್ಡ ಹೆಸರನ್ನೇ ಬರೆದಿದ್ದೇನೆ, ಒಳಗೆ ನನ್ನ ರಾಜ್ಯ. ನಿಮ್ಮಪ್ಪ ಚೆನ್ನಾಗಿದ್ದಾರೆ, ಎಂದರೆ ಬೈಯುವಷ್ಟು ಶಕ್ತಿ ಇದೆ. ನನ್ನ ಮಂಡಿಗೂ ಮೆಟ್ಟಿಲಿಗೂ ಎಣ್ಣೆ ಸೀಗೆಕಾಯಿ. ಉಳಿದಂತೆ ಕ್ಷೇಮ.

ಮೇಡಂ ಹೋದ ಸುದ್ದಿ ನಿನಗೂ ತಲುಪಿರಬೇಕು. ಈ ವರ್ಷ ನಮ್ಮ ಸಿನಿಮಾದವರು ಸರದಿ ಹಚ್ಚಿದವರ ಹಾಗೆ ಹೊರಟಿದ್ದಾರೆ. ಮೊದಲು ಸ್ಟಂಟ್ ಮಾಸ್ಟರ್. ಮೂರನೇ ಮಹಡಿಯಿಂದ ಹಾರಿ, ಧೂಳು ಕೊಡವಿಕೊಂಡು ಚಹಾ ಕೇಳುತ್ತಿದ್ದ ಮನುಷ್ಯ ಬಚ್ಚಲಲ್ಲಿ ಜಾರಿ ಹೋದ. ಆಮೇಲೆ ಆ ಕುಳ್ಳ ಹಾಸ್ಯನಟ. ಊರನ್ನೆಲ್ಲ ನಗಿಸಿದವನು ಮನೆಯಲ್ಲಿ ತುಟಿಪಿಟಿಕ್ಕೆನ್ನುತ್ತಿರಲಿಲ್ಲ ಎಂದು ಅವನ ಹೆಂಡತಿ ಹೇಳಿದಳು. ಅವರಿಬ್ಬರಿಗೂ ಪತ್ರಿಕೆಯಲ್ಲಿ ಕಾಲು ಕಾಲು ಪುಟ ಸಿಕ್ಕಿತು. ಮೇಡಂಗೆ ಎರಡು ಪುಟ, ಬಣ್ಣದ ಚಿತ್ರ ಸಮೇತ. ಟೀವಿಯಲ್ಲಂತೂ ವಾರವೆಲ್ಲ ಅವರದೇ ಸಿನಿಮಾ. ಮೊದಲ ಸಂಜೆ ವಾರ್ತೆ ಓದುವ ಹುಡುಗಿ ಕಣ್ಣೊರೆಸಿಕೊಂಡು, ಮೂರು ತಲೆಮಾರನ್ನು ಮರುಳು ಮಾಡಿದ ಆ ಮಧುರ ಧ್ವನಿ ಇನ್ನಿಲ್ಲ ಎಂದಳು. ಅಡುಗೆಮನೆಯಿಂದ ನಿಮ್ಮಪ್ಪ ಕೂಗಿದರು: “ಇನ್ನಿಲ್ಲದ ಧ್ವನಿಗೆ ಯಾರಾದ್ರೂ ಹೇಳಿ, ಇಲ್ಲಿ ಹಾಲು ಉಕ್ತಾ ಇದೆ!” ಸಾವಿನ ಸುದ್ದಿಯ ಮುಂದೆ ಕೂತು ನಾನು ನಕ್ಕುಬಿಟ್ಟೆ. ಆಮೇಲೆ ಒಲೆ ಆರಿಸಿ, ಅಲ್ಲೇ ನಿಂತು ಅತ್ತೆ.

ನಿನಗೆ ಗೊತ್ತಿರುವ ಕಥೆಯೇ, ಆದರೂ ಬರೆಯುತ್ತೇನೆ, ಬರೆದರೆ ನನಗೆ ಸಮಾಧಾನ. ಮೇಡಂ ಸ್ಟುಡಿಯೋಗೆ ಬಂದದ್ದು ನಟಿಸುವುದಕ್ಕಲ್ಲ, ಉಡುಪಿನ ವಿಭಾಗದಲ್ಲಿ ಗುಂಡಿ ಹೊಲಿಯುವುದಕ್ಕೆ. ಕಿಟಕಿಯ ಹತ್ತಿರ ನಿಂತು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಒಬ್ಬ ನಿರ್ದೇಶಕನ ಕಣ್ಣಿಗೆ ಬಿದ್ದರು. ಮುಖಕ್ಕೆ ಎಲ್ಲರೂ ಮಾರುಹೋದರು. ಬಾಯಿ ಬಿಟ್ಟರೆ ಮಾತ್ರ ದನಿ ದಪ್ಪ, ಒರಟು, ನಡುನಡುವೆ ಒಡೆಯುತ್ತಿತ್ತು. ಡಬ್ಬದಲ್ಲಿ ಜಲ್ಲಿ ಅಲ್ಲಾಡಿಸಿದ ಹಾಗಿದೆ ಎಂದನಂತೆ ನಿರ್ಮಾಪಕ, ಅದೂ ಅವರೆದುರಿಗೇ. ಆಗ ನನ್ನನ್ನು ಕರೆಸಿದರು. ಅವತ್ತಿನಿಂದ ಇಪ್ಪತ್ತು ವರ್ಷ ಮುಖ ಅವರದು, ಮಾತು ನನ್ನದು. ಚಿತ್ರೀಕರಣದ ಜಾಗದಲ್ಲಿ ಮೇಡಂ ಆಡಿದ ಮಾತನ್ನು ಕಚ್ಚಾ ಟೇಪಿನಲ್ಲಿ ಹಿಡಿದಿರುತ್ತಿದ್ದರು. ಆ ಕತ್ತಲೆ ಕೋಣೆಯಲ್ಲಿ, ಒಂದು ಕಿವಿಯಲ್ಲಿ ಆ ಟೇಪು ಕೇಳಿಸಿಕೊಂಡು, ಪರದೆಯ ಮೇಲಿನ ಅವರ ತುಟಿ ನೋಡಿಕೊಂಡು, ನಾನು ಅದೇ ಮಾತನ್ನು ನನ್ನ ದನಿಯಲ್ಲಿ ಕೂರಿಸಬೇಕು. ಅವರು ನಗುವ ಮೊದಲು ಮೂಗಿನಲ್ಲಿ ಸಣ್ಣಗೆ ಉಸಿರೆಳೆಯುತ್ತಿದ್ದರು, ಸುಳ್ಳು ಹೇಳುವ ದೃಶ್ಯದಲ್ಲಿ ಸಾಲಿನ ಕೊನೆಯ ಪದವನ್ನು ಅವಸರದಲ್ಲಿ ನುಂಗುತ್ತಿದ್ದರು. ನಿಮ್ಮಪ್ಪನ ಗೊರಕೆಗಿಂತ ಚೆನ್ನಾಗಿ ನನಗೆ ಅವರ ಉಸಿರು ಗೊತ್ತಿತ್ತು. ಅವರಿಗೆ ಅಮ್ಮನ ಪಾತ್ರಗಳು ಬರತೊಡಗಿದಾಗ ನಾನೂ ದನಿಗೆ ವಯಸ್ಸು ತುಂಬಿದೆ. ಪರದೆಯ ಮೇಲೆ ನನ್ನ ಹೆಸರು ಒಂದು ಸಲವೂ ಬರಲಿಲ್ಲ. ಯಾರಿಗೂ ಹೇಳಕೂಡದು ಎಂಬುದು ಮಾತು, ಆ ಮಾತಿಗೆ ನಾವಿಬ್ಬರೂ ತಪ್ಪಲಿಲ್ಲ.

ಗುಟ್ಟು ಕಾಯುವ ಪಾಡು ನನಗಿಂತ ಅವರಿಗೇ ಹೆಚ್ಚಿತ್ತು. ನಾನು ಮಾರುಕಟ್ಟೆಯಲ್ಲಿ ತರಕಾರಿಯವನ ಜೊತೆ ಗಂಟಲು ಹರಿಯುವ ಹಾಗೆ ಜಗಳವಾಡಬಹುದಿತ್ತು. ಅವರು ಹೊರಗೆ ಬಾಯಿ ಬಿಡುವ ಹಾಗಿರಲಿಲ್ಲ. ಸಭೆಗೆ ಹೋದರೆ ಎದೆಯ ಮೇಲೆ ಕೈಯಿಟ್ಟು ನಕ್ಕು ಬರುತ್ತಿದ್ದರು. ಪತ್ರಿಕೆಯವರು ಅದಕ್ಕೂ ಒಂದು ಹೆಸರು ಕೊಟ್ಟರು, ಘನತೆ ಎಂದು! ಒಂದೇ ಒಂದು ಸಲ ರೇಡಿಯೋದವರ ಕಾಟ ತಡೆಯಲಾರದೆ ಸಂದರ್ಶನಕ್ಕೆ ಒಪ್ಪಿಕೊಂಡಾಗ, ತಂಗಿ ಎಂದು ಹೇಳಿ ನನ್ನನ್ನೂ ಕರೆದುಕೊಂಡು ಹೋದರು. ಪ್ರಶ್ನೆಗಳೆಲ್ಲ ಮೊದಲೇ ನಮ್ಮ ಕೈಲಿದ್ದವು, ಕೇಳುವವನು ಗಾಜಿನ ಆಚೆ. ಅವರು ಚೀಟಿಯಲ್ಲಿ ಬರೆದು ತಳ್ಳುವುದು, ನಾನು ಮೈಕಿಗೆ ಹೇಳುವುದು. ನಿಮಗೆ ಅತ್ಯಂತ ಪ್ರಿಯವಾದದ್ದು ಏನು ಎಂದದ್ದಕ್ಕೆ ‘ನಿದ್ದೆ’ ಎಂದು ಬರೆದರು. ನಾನು ಗಂಭೀರವಾಗಿ ‘ಓದು’ ಎಂದೆ. ಮೇಡಂ ಮೇಜಿನ ಕೆಳಗೆ ಬಗ್ಗಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಅವರ ಸ್ನೇಹ ಎಂದು ನನಗೆ ಸಿಕ್ಕಿದ್ದು ಅಂಥ ನಾಲ್ಕು ಗಳಿಗೆ, ಆದರೆ ಅಪ್ಪಟ.

ಈಗ ವಿಷಯಕ್ಕೆ ಬರುತ್ತೇನೆ. ಅವರು ಹೋದ ಮೂರನೆಯ ದಿನ ಅವರ ಮಗಳು ಮನೆಗೆ ಬಂದಳು. ಮಕ್ಕಳಿಗೆ ಈಜು ಕಲಿಸುತ್ತಾಳಲ್ಲ, ಆ ಎತ್ತರದ ಹುಡುಗಿ. ಹುಡುಗಿ ಎನ್ನುತ್ತೇನೆ, ಅವಳ ತಲೆಯೂ ಅರ್ಧ ಬೆಳ್ಳಗಾಗಿದೆ. ಕುರ್ಚಿಯ ತುದಿಯಲ್ಲಿ ಕೂತಳು, ನೀರು ಬೇಡವೆಂದಳು, ಟೀವಿ ಆರಿಸಿ ಎಂದಳು. “ಎಲ್ಲ ಚಾನೆಲ್ಲಲ್ಲೂ ನೀವೇ ಮಾತಾಡ್ತಿದೀರಿ ಆಂಟಿ. ನಮ್ಮಮ್ಮ ಎಲ್ಲೂ ಇಲ್ಲ” ಎಂದಳು. ನನಗೆ ಕಪಾಳಕ್ಕೆ ಬಿಗಿದಂತಾಯಿತು. ನೋಡು, ಜೀವನವೆಲ್ಲ ದನಿ ಬಚ್ಚಿಟ್ಟವರಿಗೆ ಅದೇ ಅಭ್ಯಾಸವಾಗಿಹೋಗಿತ್ತು. ಮನೆಯಲ್ಲಿ ಯಾರಾದರೂ ಕ್ಯಾಮೆರಾ ಎತ್ತಿದರೆ ಕೈ ಬೀಸಿ ಸುಮ್ಮನಾಗುತ್ತಿದ್ದರಂತೆ. ಮೊಮ್ಮಗನ ಹುಟ್ಟುಹಬ್ಬದ ಚಿತ್ರದಲ್ಲೂ ಬರೀ ನಗು. ಹೋದ ವರ್ಷ ಲಕ್ವ ಹೊಡೆದ ಮೇಲೆ ಮಾತೇ ನಿಂತುಹೋಯಿತು. “ಈಗ ಕಣ್ಣು ಮುಚ್ಚಿ ಅಮ್ಮನ ದನಿ ನೆನೆಸ್ಕೊಂಡ್ರೆ ನಿಮ್ಮ ದನಿ ಬರುತ್ತೆ. ನಂದೇ ಅಮ್ಮ, ನಂಗೇ ಮರೆತು ಹೋಗ್ತಿದೆ. ಎಲ್ಲಾದ್ರೂ ಒಂದು ಚೂರು ಉಳಿದಿರುತ್ತಾ?” ಎಂದು ಕೇಳಿದಳು. ನಾನು ಮಾಡಿದ್ದು ತಪ್ಪಲ್ಲ, ಹೊಟ್ಟೆಪಾಡಿನ ಕೆಲಸ. ಆದರೂ ಅವಳೆದುರು ನನ್ನ ಬಾಯಿ ನನಗೇ ಕಳ್ಳಮಾಲಿನ ಹಾಗೆ ಕಂಡಿತು.

ನಿನ್ನ ಸೌಂಡ್ ಮಾವನಿಗೆ ಫೋನ್ ಮಾಡಿದೆ. ನೆನಪಿದೆಯಾ, ಸ್ಟುಡಿಯೋದಲ್ಲಿ ಧ್ವನಿ ಹಿಡಿಯುತ್ತಿದ್ದವರು, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಂಡಿ ತಿರುಗಿಸಲು ಬಿಡುತ್ತಿದ್ದರಲ್ಲ? ಜೀವಮಾನವೆಲ್ಲ ಕಿವಿಯಿಂದ ಅನ್ನ ತಿಂದ ಮನುಷ್ಯನಿಗೆ ಈಗ ಎರಡು ಕಿವಿಗೂ ಯಂತ್ರ. ಕಚ್ಚಾ ಟೇಪು ಒಂದೂ ಇಲ್ಲ ಎಂದರು. ಟೇಪು ದುಬಾರಿ, ಒಂದು ಸಿನಿಮಾ ಮುಗಿದರೆ ಒರೆಸಿ ಅದರ ಮೇಲೇ ಇನ್ನೊಂದನ್ನು ಹಿಡಿಯುತ್ತಿದ್ದರು. ಅವಳಿಗೆ ಅದನ್ನು ಹೇಳಿದೆ. ಹಾಗಾದರೆ ನೀವೇ ಒಂದು ಸಲ ಅಮ್ಮನ ಹಾಗೆ ಮಾತಾಡಿ ತೋರಿಸಿ ಎಂದಳು. ನನಗಿಂತ ಚೆನ್ನಾಗಿ ಆ ದನಿ ಬಲ್ಲವರು ಯಾರಿದ್ದಾರೆ? ಗಂಟಲು ದಪ್ಪ ಮಾಡಿದೆ, ಎಲ್ಲಿ ಒಡೆಯಬೇಕೋ ಅಲ್ಲಿ ಒಡೆದೆ, ಮೂಗಿನ ಉಸಿರನ್ನೂ ಸೇರಿಸಿದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. “ತುಂಬ ಚೆನ್ನಾಗಿದೆ ಆಂಟಿ” ಎಂದಳು. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರು ತಿಂದು ಹೇಳುತ್ತೇವಲ್ಲ, ಹಾಗೆ. ಚಪ್ಪಲಿ ಮೆಟ್ಟಿ ಹೊರಟುಹೋದಳು. ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲಿನದ್ದು ಕೇಳು. ಗುರುವಾರ ಮಧ್ಯಾಹ್ನ ಟೀವಿಯಲ್ಲಿ ಮೇಡಂ ವಕೀಲೆಯಾಗಿದ್ದ ಸಿನಿಮಾ ಬಂತು. ಆ ಸಿನಿಮಾದ ಕೊನೆಯ ಭಾಗಕ್ಕೆ ನಾನು ಧ್ವನಿ ಕೊಡುತ್ತಿದ್ದಾಗಲೇ ನೀನು ಲೆಕ್ಕಕ್ಕಿಂತ ಮೊದಲೇ ಅವಸರ ಮಾಡಿದ್ದು. ಸ್ಟುಡಿಯೋದ ಗಾಡಿಯಲ್ಲೇ ಆಸ್ಪತ್ರೆಗೆ ಹೋದೆ. ಹಾಗಾಗಿ ಆ ಸಿನಿಮಾವನ್ನು ನಾನು ಮುಗಿಯುವ ತನಕ ನೋಡಿದ್ದೇ ಇಲ್ಲ, ಕೈಯಲ್ಲಿ ನೀನಿದ್ದೆ, ಪುರಸೊತ್ತು ಎಲ್ಲಿತ್ತು! ಬಟ್ಟೆ ಮಡಚುತ್ತಾ ಅರೆಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ನಾನಾಡಿದ ಮಾತು ಎಷ್ಟು ವರ್ಷವಾದರೂ ನನಗೆ ಗುರುತು ಸಿಗುತ್ತದೆ, ಎಲ್ಲಿ ಉಸಿರು ಬಿಟ್ಟೆ, ಎಲ್ಲಿ ನೀರು ಕುಡಿಯಬೇಕೆನಿಸಿತ್ತು, ಎಲ್ಲವೂ. ಕೊನೆಯ ಭಾಗದಲ್ಲಿ ತಂಗಿ ಬಂದು ವಕೀಲೆಯ ಕೋಣೆಯ ಬಾಗಿಲು ತಟ್ಟುತ್ತಾಳೆ. ಪರದೆಯ ಮೇಲೆ ಬರೀ ಮುಚ್ಚಿದ ಬಾಗಿಲು. ಒಳಗಿನಿಂದ “ಬಂದೆ, ಇರೇ!” ಎಂದು ಕೇಳಿಸಿತು. ಕೈಯಲ್ಲಿದ್ದ ನಿಮ್ಮಪ್ಪನ ಅಂಗಿ ಹಾಗೇ ಜಾರಿತು. ಅದು ನಾನಾಡಿದ ಮಾತಲ್ಲ.

ಸೌಂಡ್ ಮಾವನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಅವರು ಹೋ ಎಂದು ನಕ್ಕರು. “ಹೌದು ಕಣಮ್ಮ! ನೀನು ಹೆರೋಕೆ ಹೋಗಿದ್ದೆ, ಉಳಿದಿದ್ದು ಅದೊಂದೇ ಸಾಲು. ಬಾಗಿಲ ಹಿಂದಿನ ಮಾತು, ತುಟಿ ಕಾಣಲ್ಲ, ಯಾರಿಗೆ ಗೊತ್ತಾಗುತ್ತೆ ಅಂತ ಕಚ್ಚಾದ್ದನ್ನೇ ಬಿಟ್ಟೆ. ಆಮೇಲೆ ಸರಿ ಮಾಡಿದ್ರಾಯ್ತು ಅಂದ್ಕೊಂಡೆ. ಮರೆತೇಹೋಯ್ತು” ಎಂದರು. ಕೆಲಸದಲ್ಲಿ ಅಂಥ ಶಿಸ್ತಿನ ಮನುಷ್ಯ, ಆ ಒಂದು ಉದಾಸೀನಕ್ಕೆ ನಾನು ಮನಸಾರೆ ವಂದಿಸಿದೆ. ನಿನಗೂ ಅದರಲ್ಲಿ ಪಾಲಿದೆ ಎನ್ನು. ನೀನೊಬ್ಬ ಅವಸರದ ಆಸಾಮಿ ಅಲ್ಲದಿದ್ದರೆ ಆ ಸಾಲನ್ನೂ ನಾನೇ ಹೇಳಿರುತ್ತಿದ್ದೆ.

ಮರುದಿನ ಮೇಡಂನ ಮಗಳನ್ನು ಕರೆದುಕೊಂಡು ಸೌಂಡ್ ಮಾವನ ಮನೆಗೆ ಹೋದೆ. ಅಷ್ಟು ಹೊತ್ತಿಗೆ ಅವರು ಆ ಸಿನಿಮಾದ ಒಳ್ಳೆಯ ಪ್ರತಿ ತರಿಸಿ, ಹಿನ್ನೆಲೆಯ ಸಂಗೀತವನ್ನು ಆದಷ್ಟು ತಗ್ಗಿಸಿ, ಆ ಎರಡು ಮಾತನ್ನು ಬೇರೆ ಮಾಡಿ ಇಟ್ಟಿದ್ದರು. ಕೋಣೆ ತುಂಬ ಹಳೆಯ ಯಂತ್ರಗಳು, ಕೂರಲು ಒಂದೇ ಸ್ಟೂಲು. ಅವಳನ್ನು ಕೂರಿಸಿ ನಾವಿಬ್ಬರು ಮುದುಕರು ನಿಂತೆವು. ನನಗೆ ಹೆದರಿಕೆ, ಇಷ್ಟೇನಾ ಎಂದುಬಿಟ್ಟರೆ? ಮಾವ ಗುಂಡಿ ಒತ್ತಿದರು. ತಟ್ಟುವ ಸದ್ದು, ಆಮೇಲೆ ಆ ದಪ್ಪ ದನಿ, ಸ್ವಲ್ಪ ರೇಗಿದ ಹಾಗೆ: “ಬಂದೆ, ಇರೇ!” ಅವಳ ಬಾಯಿಂದ ತಟಕ್ಕನೆ ಬಂತು, “ಬೇಗ ಬಾರಮ್ಮ!” ಎಂದು. ಎಂಟು ವರ್ಷದ ಮಗುವಿನ ರಾಗ ಅದು. ಆಮೇಲೆ ತಾನು ಏನೆಂದೆ ಎಂದು ಗೊತ್ತಾಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಮಾವ ತಮ್ಮ ಕಿವಿಯ ಯಂತ್ರ ಸರಿಮಾಡುವ ನೆಪದಲ್ಲಿ ಆಚೆ ತಿರುಗಿದರು. ಇನ್ನೊಂದು ಸಲ ಎಂದಳು, ಮತ್ತೆ ಇನ್ನೊಂದು ಸಲ ಎಂದಳು. ಮನೆಯಲ್ಲಿ ಅಮ್ಮ ಹೀಗೇ ರೇಗುತ್ತಿದ್ದಳು, ಸ್ನಾನಕ್ಕೆ ಹೋದರೆ ಹೊರಗೆ ಬರುತ್ತಲೇ ಇರಲಿಲ್ಲ ಎಂದು ಅಳುತ್ತಲೇ ನಕ್ಕಳು. ನಾವು ಎಷ್ಟು ಹೊತ್ತು ಅಲ್ಲಿದ್ದೆವೋ ತಿಳಿಯದು. ಹೊರಡುವಾಗ ಅವಳು ನನ್ನ ಕೈ ಹಿಡಿದುಕೊಂಡೇ ಬಸ್ಸಿನ ತನಕ ನಡೆದಳು.

ನಿನ್ನೆ ಕಲಾವಿದರ ಸಂಘದ ಶ್ರದ್ಧಾಂಜಲಿ ಸಭೆ. ಸತ್ಯ ಹೇಳುತ್ತೇನೆ ಗುಂಡೂ, ಅವಳು ಅದನ್ನು ವೇದಿಕೆಯಲ್ಲಿ ಕೇಳಿಸುತ್ತಾಳೆ, ಹಾಗಾದರೆ ಉಳಿದದ್ದು ಯಾರ ದನಿ ಎಂದು ಜನ ಕೇಳುತ್ತಾರೆ, ಆಗ ನಾನು ಮೂರನೇ ಸಾಲಿನಿಂದ ಎದ್ದು ನಿಲ್ಲುತ್ತೇನೆ ಎಂದೆಲ್ಲ ಲೆಕ್ಕ ಹಾಕಿ ಹೊಸ ಸೀರೆ ಉಟ್ಟು ಹೋಗಿದ್ದೆ. ಅವಳು ಬಾಗಿಲಲ್ಲೇ ನನ್ನ ಕಿವಿಯಲ್ಲಿ, “ಅದು ಸಭೆಗಲ್ಲ ಆಂಟಿ, ಅದು ನಮ್ಮನೇದು” ಎಂದಳು. ಪೆಚ್ಚಾದೆ. ಒಳಗೆ ಅವವೇ ತುಣುಕುಗಳು, ಅವವೇ ಹೊಗಳಿಕೆ, ಮಧುರ ಧ್ವನಿ ಎಂದು ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಬಾಯಲ್ಲಿ ಕೆಮ್ಮಿನ ಗುಳಿಗೆ ಇಟ್ಟುಕೊಂಡು ಎದ್ದು ನಿಂತು ತಟ್ಟಿದೆ. ಬೇಜಾರಾಯಿತು, ಇಲ್ಲ ಎನ್ನುವುದಿಲ್ಲ. ಮನೆಗೆ ಬರುವಷ್ಟರಲ್ಲಿ ಅವಳು ಹೇಳಿದ್ದೇ ಸರಿ ಎನಿಸಿತು.

ನಿಮ್ಮಪ್ಪ ನಿನಗೆ ಉಣ್ಣೆಯ ಕಾಲುಚೀಲ ಕಳಿಸಬೇಕೆಂದು ಹಟ ಹಿಡಿದಿದ್ದಾರೆ. ಸೆಕೆಗೆ ಯಾಕೆ ಎಂದರೆ ಕೇಳುವುದಿಲ್ಲ, ಬಂದಾಗ ಬೈಯದೆ ತೆಗೆದುಕೋ. ಹೊಟ್ಟೆ ನೋಡಿಕೋ, ಕಣ್ತುಂಬ ನಿದ್ದೆ ಮಾಡು, ಕಬ್ಬಿಣದ ಏಣಿಯಲ್ಲಿ ಹುಷಾರು. ಸೌಂಡ್ ಮಾವ ನಿನ್ನನ್ನು ಕೇಳಿದರು. ಸಮುದ್ರ ನಿನ್ನನ್ನು ತಣ್ಣಗಿಟ್ಟಿರಲಿ, ನೂರು ವರ್ಷ ಬಾಳು.

ನಿನ್ನ
ಅಮ್ಮ

ಮರೆತಿದ್ದೆ, ಟಪಾಲು ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಮನೆಗೆ ಬಂದವಳೇ ನನ್ನ ಫೋನು ಪೂರ್ತಿ ಹುಡುಕಿದೆ. ನಿನ್ನ ಫೋಟೋ ಬೇಕಾದಷ್ಟಿವೆ, ‘ಸರಿ’, ‘ಆಯ್ತು’, ‘ತಲುಪಿದೆ’ ಎಂದು ಬೆರಳಲ್ಲಿ ಕುಟ್ಟಿದ್ದು ರಾಶಿ ಇದೆ, ನಿನ್ನ ದನಿ ಒಂದೂ ಇಲ್ಲ. ಮುಂದಿನ ಬಂದರಿನಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಕುಟ್ಟಬೇಡ, ಮಾತಾಡಿ ಕಳಿಸು. ಮೆಣಸಿನವನಿಗೆ ಬೈದರೂ ಸರಿ. ಗಂಟಲು ಸರಿಮಾಡಿಕೊಳ್ಳಬೇಡ, ಹೇಗಿದೆಯೋ ಹಾಗೇ ಇರಲಿ.