ಅಪ್ಪನ ಬೊಂಬೆಯ ರೆಪ್ಪೆ

ಮದ್ದೂರು, ನವೆಂಬರ್ ೧೨, ಬುಧವಾರ

ಅವ್ವ ಇವತ್ತು ಉಣ್ಣಲಿಲ್ಲ. ಕಾರಣ, ಒಂದು ಜೊತೆ ಮೇಣದ ರೆಪ್ಪೆ.

ತೀರಿಕೊಂಡ ಅಪ್ಪ ಗೆಜ್ಜಲಗೆರೆ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಾನೆ. ನನ್ನ ಸಿನಿಮಾದಲ್ಲಿರುವುದು ಇಷ್ಟೇ. ಅಪ್ಪನ ಬೊಂಬೆ ಮಾಡಿ, ಅದರ ತಂತಿಯ ಮೈಗೆ ಅವನದೇ ಹಳೇ ಅಂಗಿಯ ಬಟ್ಟೆ ಹೊಲಿದಿದ್ದೇನೆ. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು; ಸಾಲಾಗಿ ಓಡಿಸಿದರೆ ಬೊಂಬೆ ತಾನೇ ಅಲುಗಾಡಿದಂತೆ ಕಾಣುತ್ತದೆ. ನಡುನಡುವೆ ಅದು ಕಣ್ಣು ಮಿಟುಕಿಸಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಹೆಣದಂತೆ ಕಾಣುತ್ತದೆ.

ಕಣ್ಣು ಮುಚ್ಚಿದಂತೆ ಕಾಣಲು ಮೇಣದ ರೆಪ್ಪೆ ಅಂಟಿಸಿದ ಹೊತ್ತಿಗೇ ಅವ್ವ ಕಾಫಿ ತಂದಳು. ಬೊಂಬೆಯನ್ನೇ ನೋಡುತ್ತ ನಿಂತಳು.

"ಅವತ್ತು ನಾನೇ ಮುಚ್ಚಿದ್ದೆ ಈ ಕಣ್ಣ. ನೀನೂ ಮುಚ್ಬುಟ್ಯಾ ಮಗ?"

"ಒಂದ್ ಗಳಿಗೆ ಕಣವ್ವ. ಆಮೇಲೆ ತೆಗೀತೀನಿ."

"ನಂಗೆ ಅಂಗೆ ತೆಗ್ಯಕ್ಕೆ ಆಗ್ನಿಲ್ವಲ್ಲ," ಎಂದು ಲೋಟ ಇಟ್ಟು ಹೋದಳು.

ರೆಪ್ಪೆ ತೆಗೆದೆ. ಕಾಫಿ ಹಾಗೇ ಆರಿಹೋಯಿತು. ದೂಳು ಕೂರದಂತೆ ರಾತ್ರಿ ಬೊಂಬೆಗೆ ಬಿಳಿ ಬಟ್ಟೆ ಹೊದಿಸುವುದು ನನ್ನ ರೂಢಿ. ಇವತ್ತು ಬಟ್ಟೆ ಕೈಗೆತ್ತಿಕೊಂಡೆ, ಹೊದಿಸಲು ಮನಸ್ಸು ಬರಲಿಲ್ಲ. ಮೇಜಿನ ಮೇಲಿಂದ ಅಪ್ಪ ನೋಡುತ್ತಲೇ ಇದ್ದಾನೆ. ದೂಳು ಕೂತರೆ ಕೂರಲಿ.

ಬಸ್ಸು ಬರುವಷ್ಟರಲ್ಲಿ ಅವನು ಇನ್ನೂ ಒಂದು ಸಲ ಕಣ್ಣು ಮಿಟುಕಿಸಬೇಕು. ನಾಳೆ ಅವ್ವ ಡೈರಿಗೆ ಹಾಲು ಹಾಕಲು ಹೋದಾಗ ಬಾಗಿಲು ಹಾಕಿಕೊಂಡು ಆ ಕಣ್ಣು ಮುಚ್ಚಬೇಕು. ಅವಳು ಬರುವುದರೊಳಗೆ ತೆಗೆದುಬಿಡಬೇಕು.