ನೆಲದ ಮೇಲಿನ ಒಪ್ಪನ

ಕೋಳಿಕ್ಕೋಡ್
ಸೋಮವಾರ, ಬೆಳಗ್ಗೆ

ಪ್ರೀತಿಯ ಉಮ್ಮಾಗೆ ನಿನ್ನ ನುಸೈಬಳ ಸಲಾಂ.

ಮೊದಲು ಕೂತುಕೋ. ಬಿಪಿ ಮಾತ್ರೆ ನುಂಗಿ ಆಮೇಲೆ ಓದು. ನನಗೇನೂ ಆಗಿಲ್ಲ, ಮೊಣಕೈ ತರಚಿದೆ ಅಷ್ಟೇ. ತಂಗಿ ರಹೀಲ ಇವತ್ತೇ ಊರಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅಳಲು ಶುರುಮಾಡಿದರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಪಕ್ಕದ ಮನೆಯ ಸುಹ್ರ ಫೋನ್ ಹಿಡಿದುಕೊಂಡು ವಿಡಿಯೊ ತೋರಿಸಲು ಬರುವ ಮೊದಲು ನೀನಿದನ್ನು ಓದಬೇಕು. ಈಗಾಗಲೇ ಬಂದು ಹೋಗಿದ್ದಾಳೋ ಏನೋ.

ನಾನಿಲ್ಲಿಗೆ ಬಂದದ್ದು ನಿನಗೆ ಹೇಳಿದ ಹಾಗೆ ಹೊಲಿಗೆ ಕಲಿಯಲು ಅಲ್ಲ ಉಮ್ಮಾ. ಒಪ್ಪನ ಆಡಲು, ನಮ್ಮ ಮದುವೆಮನೆಗಳಲ್ಲಿ ಮದುಮಗಳನ್ನು ನಡುವೆ ಕೂರಿಸಿ ಸುತ್ತಲೂ ಕೈ ತಟ್ಟಿ ಹಾಡುತ್ತ ಆಡುತ್ತಾರಲ್ಲ, ಅದೇ. ನಮ್ಮ ತಂಡದಲ್ಲಿ ಎಲ್ಲರೂ ಗಾಲಿಕುರ್ಚಿಯವರೇ. ಆಟ ಕಟ್ಟಿದವಳು ನಾನು. ಕೈತಾಳದ ಬದಲು ಅಂಗೈಯಿಂದ ಗಾಲಿಯನ್ನು ತಟ್ಟುತ್ತೇವೆ. ಕೇಳಿದರೆ ನಿನಗೂ ಇಷ್ಟವಾಗುತ್ತಿತ್ತು. ಹಾಡುವವರು ಆಸ್ಯಾತ್ತ, ಬಾಯಲ್ಲಿ ಹಲ್ಲಿಲ್ಲ, ದನಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ಮದುಮಗಳಾಗಿ ನಡುವೆ ನಾನೇ ಕೂರಬೇಕೆಂದು ಕಾರ್ಯಕ್ರಮ ನಡೆಸುವವರು ಹಟ ಹಿಡಿದರು. ಸುತ್ತಲೂ ಕಾಲೇಜಿನ ಹುಡುಗಿಯರು ನಿಂತು ಕುಣಿದರೆ ನೋಡುವವರ ಕಣ್ಣು ತುಂಬುತ್ತದಂತೆ. ನನಗೆ ಸಿಟ್ಟು ಬಂತು. “ಹುಟ್ಟಿದಾಗಿಂದ ಕೂತೇ ಇದ್ದೀನಿ. ಕೂರ್ಸಿ ನೋಡೋರು ಬೇಕಾದಷ್ಟು ಜನ ಇದ್ದಾರೆ. ನಾನು ಸುತ್ತಬೇಕು” ಎಂದೆ. ಆಗ ನನ್ನ ಗೆಳತಿ ಸೌದ, ಕೈಯೂ ಸರಿಯಾಗಿ ಎತ್ತಲಾಗದವಳು, ನಕ್ಕುಬಿಟ್ಟಳು. “ನನ್ನನ್ನ ಕೂರ್ಸಿ ಮಾರಾಯ್ತಿ! ಮೈ ತುಂಬ ಒಡವೆ ಹಾಕಿದ್ರೆ ಸಾಕು, ಮದುಮಗ ಬರದಿದ್ರೂ ಪರವಾಗಿಲ್ಲ.” ಹಾಗೆ ಅವಳೇ ಮದುಮಗಳಾದಳು.

ನಿನ್ನೆ ಸಂಜೆ ಹಾಲ್ ತುಂಬಿತ್ತು. ನನ್ನ ಕೈ ಬೆವರಿ ಗಾಲಿಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಫೋನ್ ಎತ್ತಿದಾಗೆಲ್ಲ ನನಗೆ ಶುಕ್ರವಾರ ನನ್ನನ್ನು ನೋಡಲು ಬರಲಿದ್ದ ಗಂಡಿನ ಕಡೆಯವರದೇ, ಆ ಮಂಜೇರಿಯವರದೇ ನೆನಪು. ಅವರ ಹತ್ತಿರ ನೀನು ‘ಹಿಡ್ಕೊಂಡು ನಡೀತಾಳೆ’ ಎಂದಿದ್ದೀಯಲ್ಲ.

ಎರಡನೆಯ ಹಾಡಿಗೆ ಜೋರಾಗಿ ತಿರುಗುವಾಗ ಮುಂದಿನ ಗಾಲಿ ವೇದಿಕೆಯ ಜಮಖಾನೆಯ ಅಂಚಿಗೆ ಸಿಕ್ಕಿಕೊಂಡಿತು. ಕುರ್ಚಿ ವಾಲಿತು. ನಾನು ಬಿದ್ದೆ. ಹಾಡು ನಿಂತಿತು. ಜನರ ನಡುವಿನಿಂದ ‘ಅಯ್ಯೋ’ ಎಂಬ ಉದ್ಗಾರ ಹೇಗೆ ಎದ್ದಿತೆಂದರೆ, ಅದು ನಿನ್ನ ದನಿಯೇ ಅನ್ನಿಸಿತು.

ಇಬ್ಬರು ಗಂಡಸರು ನನ್ನನ್ನು ಎತ್ತಲು ಓಡಿ ಬಂದರು. “ಮುಟ್ಬೇಡಿ!” ಎಂದು ಕಿರುಚಿದೆ. ನನ್ನ ದನಿ ನನಗೇ ಹೊಸದಾಗಿತ್ತು.

ಮನೆಯಲ್ಲಿ ನಾನು ಅಂಗೈ ಊರಿ, ಸೊಂಟ ಎಳೆದುಕೊಂಡು ಅಡುಗೆಮನೆಯಿಂದ ಜಗಲಿಗೆ ಹೋಗುತ್ತೇನಲ್ಲ? ನೆಂಟರು ಬಂದರೆ ನೀನು, “ನೆಲದ ಮೇಲೆ ಸರೀಬೇಡ ಮೋಳೇ, ನೋಡಿದೋರು ಏನಂದ್ಕೋತಾರೆ” ಎಂದು ಒಳಗೇ ಇರಿಸುತ್ತೀಯಲ್ಲ? ರಹೀಲಳ ಮದುವೆಯ ಒಪ್ಪನವನ್ನು ನಾನು ಮುಚ್ಚಿದ ಬಾಗಿಲ ಹಿಂದಿನಿಂದಲೇ ಕೇಳಿದ್ದು. ನಿನ್ನೆ ಹಾಗೆಯೇ ಸರಿದೆ, ಅಷ್ಟು ಜನರೆದುರಿಗೆ. ಅಂಗೈ ಎರಡನ್ನೂ ವೇದಿಕೆಯ ಹಲಗೆಗೆ ತಟ್ಟಿದೆ, ಮೈ ಎಳೆದೆ. ಮತ್ತೆ ತಟ್ಟಿದೆ, ಎಳೆದೆ. ಸದ್ದೆಂದರೆ ಅದೊಂದೇ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆಗ ಮಧ್ಯದಲ್ಲಿದ್ದ ಸೌದ, “ನಿಲ್ಲಬೇಡ ಕಣೇ, ಚೆನ್ನಾಗಿದೆ” ಎಂದಳು. ಉಳಿದವರು ನನ್ನ ಅಂಗೈಗೆ ಸರಿಯಾಗಿ ಗಾಲಿ ತಟ್ಟತೊಡಗಿದರು. ಆಸ್ಯಾತ್ತ ಹಾಡನ್ನು ನಿಧಾನಗೊಳಿಸಿ ಎತ್ತಿಕೊಂಡರು. ಇಷ್ಟು ದಿನ ನಾವೆಲ್ಲ ಹಾಡಿನ ಹಿಂದೆ ಓಡುತ್ತಿದ್ದೆವು. ನಿನ್ನೆ ಹಾಡು ನನ್ನ ಹಿಂದೆ ಬಂತು ಉಮ್ಮಾ. ಪೂರ್ತಿ ಸುತ್ತು ಹಾಕಿದೆ.

ಮುಗಿದ ಮೇಲೆ ಜನ ಎದ್ದು ಚಪ್ಪಾಳೆ ತಟ್ಟಿದರು. ಕೆಲವರು ಅಳುತ್ತಿದ್ದರು, ಅದು ನನಗೆ ಹಿಡಿಸಲಿಲ್ಲ. ಒಬ್ಬಾಕೆ ಮಾತ್ರ ಬಂದು, “ಎಳೆಯೋವಾಗ ಭುಜ ನೋಯಲ್ವಾ?” ಎಂದು ಕೇಳಿದಳು. ಅವಳೂ ನಮ್ಮ ಹಾಗೆಯೇ, ಊರುಗೋಲಿನವಳು. ಮುಂದಿನ ವಾರದಿಂದ ಅಭ್ಯಾಸಕ್ಕೆ ಬರುತ್ತಾಳಂತೆ.

ಇನ್ನು ಹೇಳಲೇಬೇಕಾದ ಮಾತು. ಈಗಷ್ಟೇ ಮದುವೆ ದಲ್ಲಾಳಿ ಮೊಯ್ದೀನಿಕ್ಕನ ಫೋನ್ ಬಂದಿತ್ತು. ಮಂಜೇರಿಯವರು ವಿಡಿಯೊ ನೋಡಿದ್ದಾರೆ. ಶುಕ್ರವಾರ ಬರುವುದಿಲ್ಲ. “ಉಮ್ಮಾನ ಮಾನ ಕಳೆದ್ಯಲ್ಲ” ಎಂದರು ಮೊಯ್ದೀನಿಕ್ಕ. ಮಂಜೇರಿಯವರು ಬರದಿರುವುದಕ್ಕೆ ನನಗೆ ಸಮಾಧಾನವೇ. ಅವರಿಗೆಂದು ತಂದಿಟ್ಟ ಹೊಸ ಕಪ್ ಬಸಿಗಳನ್ನು ನೋಡುತ್ತ ನೀನೊಬ್ಬಳೇ ಕೂತಿರುತ್ತೀಯಲ್ಲ, ಆ ಯೋಚನೆಯೇ ನನ್ನನ್ನು ತಿನ್ನುತ್ತಿದೆ.

ಬೈಯುವುದಿದ್ದರೆ ಬೈದುಬಿಡು, ಆದರೆ ಸುಮ್ಮನಿರಬೇಡ. ಗುರುವಾರ ಊರಿಗೆ ಬರುತ್ತೇನೆ. ಮನೆಗೆ ಯಾರೇ ಬಂದರೂ ಇನ್ನು ಮೇಲೆ ಜಗಲಿಗೆ ನಾನೇ ಸರಿದು ಬರುತ್ತೇನೆ. ನೀನು ಒಳಗೆ ಹೋಗು ಎನ್ನುತ್ತೀಯೋ ಎಂಬ ಭಯ ಮಾತ್ರ ಇದೆ.

ನಿನ್ನ ಮಗಳು,
ನುಸೈಬ

ಮತ್ತೆ: ಇದನ್ನು ರಹೀಲಳಿಗೂ ಹೇಳಿಲ್ಲ. ಗಾಲಿ ಸಿಕ್ಕಿಕೊಂಡದ್ದು ನಿಜ. ಆದರೆ ಕುರ್ಚಿ ವಾಲಿದಾಗ ಪಕ್ಕದವಳ ಕುರ್ಚಿಯ ಹಿಡಿ ನನ್ನ ಕೈಗೆ ಸಿಕ್ಕಿತ್ತು. ಗಟ್ಟಿಯಾಗಿ ಹಿಡಿದಿದ್ದರೆ ಬೀಳುತ್ತಿರಲಿಲ್ಲ. ನಾನೇ ಬಿಟ್ಟೆ ಉಮ್ಮಾ.